ಮನೆವಾರ್ತೆ: ‘ತಯಾರ ಇದ್ದೀರೇನು?’

ಹೋದ ಸಂಚಿಕೆಯಲ್ಲಿ ನಾವು ಬಾಡಿಗೆ ಮನೆಗಳ ಅಡಿಗೆಕೋಣೆಯನ್ನು ಕುರಿತು ಹರಟಿದ್ದೆವು. ಈ ಸಲವೂ ಅಂಥದೇ ಹಗುರವಾದ ಮಾತು ಬರುವುದೆಂದು ಎಣಿಸಿದ್ದ ವಾಚಕರು ನಮ್ಮನ್ನು ಕ್ಷಮಿಸಬೇಕು. ಮೂರು ತಿಂಗಳೊಳಗೆ ನಮ್ಮ ಪರಿಚಯದ ಮೂರು ಮನೆಗಳಿಂದ ಲಕ್ವ ಹೊಡೆದ ಸುದ್ದಿ ಬಂದಿದೆ. ಒಂದು ಠಾಣೆಯಲ್ಲಿ, ಒಂದು ಪುಣೆಯಲ್ಲಿ, ಇನ್ನೊಂದು ನಾವಿರುವ ಓಣಿಯಲ್ಲಿಯೇ. ಪಾರ್ಶ್ವವಾಯು ಎನ್ನಿ, ಪಕ್ಷವಾತ ಎನ್ನಿ, ಈಗಿನ ಮಕ್ಕಳಂತೆ ಸ್ಟ್ರೋಕ್ ಎನ್ನಿ, ಮನೆಯೊಳಗೆ ಅದು ಮಾಡುವ ಅವಾಂತರ ಒಂದೇ. ನಾವು ಮೂರೂ ಕಡೆ ಹೋಗಿ ಬಂದೆವು. ಮೋಸಂಬಿ ಕೊಟ್ಟೆವು, ಹಾಸಿಗೆಯ ಬಳಿ ಕುಳಿತೆವು, ‘ಹೇಗಿದ್ದಾರೆ?’ ಎಂದು ವಿಚಾರಿಸಿದೆವು, ಚಹಾ ಕುಡಿದೆವು. ಆ ಚಹಾ ಮಾಡಿ ತಂದವರನ್ನು ‘ನೀವು ಹೇಗಿದ್ದೀರಿ?’ ಎಂದು ಕೇಳಿದೆವೆ? ಮೂರರಲ್ಲಿ ಒಂದು ಕಡೆಯೂ ಕೇಳಲಿಲ್ಲ. ಲೋಕಲ್ ಗಾಡಿಯಲ್ಲಿ ಮರಳಿ ಬರುವಾಗ ಇದು ಹೊಳೆದು ನಾಚಿಕೆಯಾಯಿತು. ಏಕೆಂದರೆ, ಕೇಳಬೇಕಾದದ್ದು ಏನೆಂಬುದನ್ನು ನಾವು ನಮ್ಮ ಅಕ್ಕನ ಮನೆಯಲ್ಲಿ ಒಮ್ಮೆ ಚೆನ್ನಾಗಿಯೇ ಕಲಿತಿದ್ದೆವು.

ನಮ್ಮ ಭಾವನವರು 1981ರಲ್ಲಿ ಹುಬ್ಬಳ್ಳಿಯಿಂದ ಮುಂಬಯಿಗೆ ಬಂದವರು. ಒಂದು ಸರಕಾರಿ ಕಚೇರಿಯಲ್ಲಿ ಲೆಕ್ಕಪತ್ರ ಬರೆದು ನಿವೃತ್ತರಾಗಿ ಡೊಂಬಿವಲಿಯಲ್ಲಿ ಸುಖವಾಗಿದ್ದರು. 2023ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಧೋ ಎಂದು ಮಳೆ ಸುರಿಯುತ್ತಿದ್ದಾಗ, ಚಹಾದ ಕಪ್ಪು ಅವರ ಬಲಗೈಯಿಂದ ಜಾರಿತು. ಬಾಯಿ ಒಂದು ಕಡೆ ಸೊಟ್ಟಗಾಯಿತು, ಮಾತು ತೊದಲಿತು. ಅಕ್ಕ ಪಿತ್ತವೆಂದು ತಿಳಿದು ಲಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು. ಪುಣೆಯಲ್ಲಿದ್ದ ಮಗನಿಗೆ ಫೋನು ಮಾಡಿ, ಅವನು ಹೇಳಿದ ಮೇಲೆ ನೆರೆಯವರನ್ನು ಕರೆದು, ಲಿಫ್ಟಿನಲ್ಲಿ ಸ್ಟ್ರೆಚರು ಹಿಡಿಯದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿ, ಆಸ್ಪತ್ರೆ ಮುಟ್ಟುವಾಗ ಆರು ತಾಸು ಕಳೆದಿತ್ತು. ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಗಡ್ಡೆಯನ್ನು ಕರಗಿಸುವ ಸೂಜಿಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಅದು ತಪ್ಪಿತು. ಆ ಪಾನಕದ ಲೋಟವನ್ನು ಅಕ್ಕ ಇನ್ನೂ ಮರೆತಿಲ್ಲ. ಮರೆಯೆಂದು ಹೇಳುವ ಧೈರ್ಯ ನಮಗೂ ಇಲ್ಲ.

ಹನ್ನೆರಡು ದಿನಗಳ ಮೇಲೆ ಮನೆಗೆ ಕಳಿಸುವ ದಿನ ಬಂತು. ಮಗ ಬಿಲ್ಲಿನ ಕಿಟಕಿಯ ಬಳಿ ನಿಂತಿದ್ದ. ಭಾವನವರ ಮೂಗಿನಲ್ಲಿ ಆಹಾರದ ನಳಿಗೆ, ಕೆಳಗೆ ಮೂತ್ರದ ಚೀಲ. ಔಷಧದ ಪಟ್ಟಿ ಎರಡು ಪುಟ ಇತ್ತು. ಅವರನ್ನು ಮಂಚದಿಂದ ಕುರ್ಚಿಗೆ ಹೇಗೆ ಎತ್ತಬೇಕೆಂಬುದನ್ನು ಮಾತ್ರ ಯಾರೂ ತೋರಿಸಿರಲಿಲ್ಲ. ಆಗ ಒಬ್ಬ ಸಮಾಜಸೇವಕಿ, ಇನ್ನೂ ಓದುತ್ತಿದ್ದ ಹುಡುಗಿ, ಒಂದು ಹಾಳೆ ಹಿಡಿದು ಬಂದು ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಹಿಂದಿಯಲ್ಲಿ ಎಂಟು ಪ್ರಶ್ನೆ ಕೇಳಿದಳು. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹೇಳಬೇಕು. ಏನೇನೂ ತಯಾರಿ ಇಲ್ಲವಾದರೆ ಸೊನ್ನೆ, ಪೂರ್ತಿ ತಯಾರಿ ಇದ್ದರೆ ನಾಲ್ಕು. ಅಕ್ಕ ಎಂಟಕ್ಕೂ ನಾಲ್ಕು ಎಂದಳು. ಹುಡುಗಿ ಸಂತೋಷದಿಂದ ಬರೆದುಕೊಂಡು ಹೋದಳು. ನಾವೂ ಹೆಮ್ಮೆಪಟ್ಟೆವು. ನಮ್ಮ ಅಕ್ಕನಲ್ಲವೆ!

ಆ ಹಾಳೆ ಎಲ್ಲಿಂದ ಬಂತೆಂದು ಆಮೇಲೆ ವಿಚಾರಿಸಿದೆವು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಪೆಟ್ರಿಶಿಯಾ ಆರ್ಚ್‌ಬೋಲ್ಡ್ ಮತ್ತು ಬಾರ್ಬರಾ ಸ್ಟುವರ್ಟ್ ಎಂಬ ಇಬ್ಬರು ವಿದುಷಿಯರು ತಮ್ಮ ಸಂಗಡಿಗರೊಡನೆ ಮುದುಕರನ್ನು ಮನೆಯಲ್ಲಿ ನೋಡಿಕೊಳ್ಳುವವರ ಕಷ್ಟವನ್ನು ಅಭ್ಯಾಸಮಾಡಿ, 1990ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಅಳತೆಗೋಲನ್ನು ಬಳಸಿದರು. ತಯಾರಿ ಹೆಚ್ಚಿದ್ದವರಿಗೆ ಆರೈಕೆಯ ಹೊರೆ ಕೆಲವು ಬಗೆಯಲ್ಲಿ ಕಡಮೆಯೆನಿಸುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಆಮೇಲೆ ಇದು ನಾನಾ ಭಾಷೆಗಳಿಗೆ ಹೋಯಿತು. ಇಟಲಿಯಲ್ಲಿ ಇದನ್ನು ಲಕ್ವದ ರೋಗಿಗಳ ಮನೆಯವರಲ್ಲಿಯೇ ಒರೆಹಚ್ಚಿ ನೋಡಿದ್ದಾರೆ. ಎಂಟು ಪ್ರಶ್ನೆಗಳ ಸಾರ ಇಷ್ಟು: ರೋಗಿಯ ಮೈಯ ಅಗತ್ಯಗಳನ್ನು ನೋಡಿಕೊಳ್ಳಲು ಎಷ್ಟು ತಯಾರಿದ್ದೀರಿ, ಅವರ ಮನಸ್ಸಿನ ಅಗತ್ಯಗಳನ್ನು ನೋಡಿಕೊಳ್ಳಲು ಎಷ್ಟು, ಬೇಕಾದ ಸೇವೆಗಳನ್ನು ಹುಡುಕಿ ಗೊತ್ತುಮಾಡಲು ಎಷ್ಟು, ಆರೈಕೆಯಿಂದ ನಿಮಗಾಗುವ ದಣಿವನ್ನು ತಾಳಲು ಎಷ್ಟು, ಆರೈಕೆ ಇಬ್ಬರಿಗೂ ಹಿತವಾಗುವಂತೆ ಮಾಡಲು ಎಷ್ಟು, ಅಕಸ್ಮಾತ್ತಾದ ಆಪತ್ತನ್ನು ಎದುರಿಸಲು ಎಷ್ಟು, ಆಸ್ಪತ್ರೆ ಮತ್ತು ವೈದ್ಯರಿಂದ ಬೇಕಾದ ನೆರವು ಪಡೆಯಲು ಎಷ್ಟು, ಕಡೆಗೆ, ಒಟ್ಟಿನಲ್ಲಿ ಎಷ್ಟು. ಅಂಕಗಳನ್ನು ಕೂಡಿಸಿ ಸರಾಸರಿ ತೆಗೆದರೆ ಮುಗಿಯಿತು. ಕೊನೆಯಲ್ಲಿ ಅಂಕವಿಲ್ಲದ ಇನ್ನೊಂದು ಪ್ರಶ್ನೆಯುಂಟು: ‘ಇನ್ನೂ ಚೆನ್ನಾಗಿ ತಯಾರಾಗಬೇಕೆಂದು ನಿಮಗನಿಸುವ ವಿಷಯ ಏನಾದರೂ ಇದೆಯೆ?’ ನಮ್ಮ ಮಟ್ಟಿಗೆ ಎಂಟಕ್ಕಿಂತಲೂ ಈ ಒಂಬತ್ತನೆಯದೇ ಹೆಚ್ಚಿನದು. ಆ ದಿನ ಹುಡುಗಿಗೆ ಅವಸರವಿದ್ದುದರಿಂದಲೋ ಏನೋ ಅದನ್ನು ಕೇಳಲಿಲ್ಲ.

ಆರು ವಾರ ಕಳೆದ ಮೇಲೆ ಒಂದು ರವಿವಾರ ನಾವು ಡೊಂಬಿವಲಿಗೆ ಹೋದೆವು. ಅಕ್ಕ ಇಳಿದುಹೋಗಿದ್ದಳು. ಭಾವನವರ ಬಲಭುಜ ಬಾತುಕೊಂಡು ನೋಯುತ್ತಿತ್ತು, ಬೆನ್ನಿನ ಕೆಳಗೆ ಚರ್ಮ ಕೆಂಪಾಗಿತ್ತು. ನಾವು ಆ ಎಂಟು ಪ್ರಶ್ನೆಗಳನ್ನು ನೆನಪುಮಾಡಿಕೊಂಡು, ಅಡಿಗೆಕೋಣೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತಿದ್ದ ಅಕ್ಕನಿಗೆ ಕನ್ನಡದಲ್ಲಿ ಕೇಳಿದೆವು.

“ಅಕ್ಕಾ, ಅವರ ಮೈ ಕೆಲಸಕ್ಕ ನೀ ತಯಾರ ಇದ್ದೀಯೇನು?”

“ತಯಾರ ಇರಲಾರದ ಏನು ಮಾಡ್ಲೋ ತಮ್ಮಾ? ನಾ ಮಾಡ್ಲಿಲ್ಲಂದ್ರ ಯಾರು ಮಾಡ್ಯಾರು?”

ಮತ್ತೆ ನಾಲ್ಕು! ಆಗ ನಮಗೆ ಗಂಟು ಎಲ್ಲಿದೆಯೆಂದು ತಿಳಿಯಿತು. ನಮ್ಮ ಮಾತಿನಲ್ಲಿ ‘ತಯಾರು’, ‘ಸಿದ್ಧ’ ಎಂದರೆ ಮನಸ್ಸು ಉಂಟೆಂದು ಅರ್ಥ. ‘ನಾನು ಸಿದ್ಧ’ ಎಂದವನು ಓಡಲು, ಕಾದಲು, ಪ್ರಾಣ ಕೊಡಲು ಒಪ್ಪಿದ್ದಾನೆ; ಅದನ್ನು ಮಾಡಲು ಕಲಿತಿದ್ದಾನೆಂದೇನೂ ಅಲ್ಲ. ಹೆಂಡತಿಯಾದವಳನ್ನು ‘ಗಂಡನ ಸೇವೆಗೆ ಸಿದ್ಧಳಿದ್ದೀಯಾ?’ ಎಂದು ಕೇಳಿದರೆ ಅವಳು ಇನ್ನೇನು ಹೇಳಬಲ್ಲಳು? ಸೊನ್ನೆ ಎಂದರೆ ಅದು ಲೋಕದ ಕಿವಿಗೆ ಪ್ರೀತಿಯ ಸೊನ್ನೆಯಾಗಿ ಕೇಳುತ್ತದೆ. ಪರಭಾಷೆಯ ಪ್ರಶ್ನೆಯನ್ನು ಶಬ್ದಕ್ಕೆ ಶಬ್ದ ಇಳಿಸಿದರೆ ಹೀಗೆ ಅಳೆಯುವ ವಸ್ತುವೇ ಬದಲಾಗಿಬಿಡುತ್ತದೆ. ನಾವು ಪ್ರಶ್ನೆಯನ್ನು ತಿರುಗಿಸಿದೆವು.

“ಮನಸ್ಸಿನ ಮಾತು ಬಿಡು ಅಕ್ಕಾ, ಅದು ನಮಗ ಗೊತ್ತದ. ಇದನ್ನ ಹೆಂಗ ಮಾಡಬೇಕಂತ ಯಾರರೆ ನಿನಗ ಕೈಹಿಡಿದು ತೋರಿಸ್ಯಾರೇನು? ಮಾಡೂ ಮುಂದ ಅಂಜಿಕಿ ಆಗ್ತದೇನು?”

ಈಳಿಗೆ ನಿಂತಿತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಒಂದೊಂದಕ್ಕೂ ಯೋಚಿಸಿ ಹೇಳತೊಡಗಿದಳು. ಎರಡು, ಒಂದು, ಸೊನ್ನೆ, ಒಂದು, ಎರಡು, ಸೊನ್ನೆ, ಒಂದು, ಒಂದು. ಕೂಡಿಸಿದರೆ ಎಂಟು, ಎಂಟರಿಂದ ಭಾಗಿಸಿದರೆ ಒಂದು. ಆಸ್ಪತ್ರೆಯ ಕಾಗದದಲ್ಲಿ ನಾಲ್ಕಕ್ಕೆ ನಾಲ್ಕು ಪಡೆದ ಹೆಂಗಸು ಇವಳೇ.

ಹಾಗೆಂದು ಈ ಅಂಕವನ್ನೂ ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. ಇದು ಅಳೆಯುವುದು ಅನಿಸಿಕೆಯನ್ನು, ಕೈಯ ಕಸುಬನ್ನಲ್ಲ. ಮೈಕೆಲಸಕ್ಕೆ ಅಕ್ಕ ಎರಡು ಎಂದಿದ್ದಳಲ್ಲ, ಹೇಗೆ ಎಬ್ಬಿಸುತ್ತೀ ತೋರಿಸು ಎಂದೆವು. ಭಾವನವರ ಸೋತ ಬಲಗೈಯನ್ನು ಹಿಡಿದು ಎಳೆದು ಕೂರಿಸಿದಳು! ಭುಜದ ನೋವಿಗೆ ಮುಖ್ಯ ಕಾರಣ ಅದೇ ಎಂದು ಮರುವಾರ ಬಂದ ಫಿಜಿಯೋಥೆರಪಿಯ ತಾಯಿ ಹೇಳಿದರು. ಲಕ್ವ ಹೊಡೆದ ಕೈಯಲ್ಲಿ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಎಳೆದರೆ ಕೀಲು ಜಾರುತ್ತದೆ. ಅವರು ತೋರಿಸಿದ ಕ್ರಮ ಬೇರೆ. ಕುರ್ಚಿಯನ್ನು ಗಟ್ಟಿಯಿರುವ ಬದಿಗೆ ಇಡಬೇಕು. ರೋಗಿಯನ್ನು ಮಂಚದ ಅಂಚಿಗೆ ಕೂರಿಸಿ, ಪಾದಗಳು ನೆಲಕ್ಕೆ ಊರಿವೆಯೆ ಎಂದು ನೋಡಿ, ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಹಿಡಿದು, ಮುಂದಕ್ಕೆ ಬಾಗಿಸಿ ಏಳಿಸಬೇಕು. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಕಳಚುವಾಗ ಅದೇ ಕೊನೆಗೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಆ ಕೆಂಪು ಚರ್ಮ ಹುಣ್ಣಾಗುತ್ತದೆ. ಉಣಿಸುವಾಗ ನೆಟ್ಟಗೆ ಕೂರಿಸಬೇಕು, ಉಂಡ ಮೇಲೂ ಅರ್ಧ ತಾಸು ಮಲಗಿಸಬಾರದು. ನೀರು ಕುಡಿದೊಡನೆ ಕೆಮ್ಮು ಬಂದರೆ ಅಥವಾ ದನಿ ಗೊರಗೊರ ಎಂದರೆ, ಗಂಟಲಲ್ಲಿ ಇಳಿಯಬೇಕಾದದ್ದು ಶ್ವಾಸಕೋಶದ ಕಡೆ ಹೋಗುತ್ತಿದೆಯೆಂದು ತಿಳಿದು ವೈದ್ಯರಿಗೆ ಹೇಳಬೇಕು. ಇದೆಲ್ಲ ತಿಳಿಸಲು ಆ ತಾಯಿಗೆ ಒಂದು ತಾಸು ಹಿಡಿಯಿತು. ಹನ್ನೆರಡು ದಿನಗಳಲ್ಲಿ ಯಾರಿಗೂ ಸಿಕ್ಕದ ಒಂದು ತಾಸು.

ಸೇವೆಗಳನ್ನು ಹುಡುಕುವ ವಿಷಯಕ್ಕೆ ಅಕ್ಕ ಸೊನ್ನೆ ಹಾಕಿಕೊಂಡದ್ದು ನಮ್ಮಂಥ ಪರಸ್ಥಳದವರಿಗೆಲ್ಲ ಒಪ್ಪುವ ಅಂಕ. ಊರಿನಲ್ಲಾದರೆ ಅತ್ತಿಗೆ, ನಾದಿನಿ, ಹಿಂದಿನ ಮನೆಯ ಸೀತಕ್ಕ ಎಂದು ನಾಲ್ಕು ಕೈ ಕೂಡುತ್ತವೆ. ಇಲ್ಲಿ ಬ್ಯೂರೋದಿಂದ ಮಾವಶಿಯನ್ನು ಕರೆಸಬೇಕು. ಅವಳಿಗೆ ಎಷ್ಟು ಕೊಡಬೇಕು, ಯಾವ ಕೆಲಸ ಹೇಳಬಹುದು ಎಂಬುದು ಕೂಡ ಅಕ್ಕನಿಗೆ ತಿಳಿಯದು. ನಾಲ್ವತ್ತು ವರ್ಷ ಮುಂಬಯಿಯಲ್ಲಿದ್ದರೂ ಹೊರಗಿನ ವ್ಯವಹಾರವೆಲ್ಲ ಭಾವನವರದು. ಅವರ ನಾಲಗೆ ನಿಂತೊಡನೆ ಮನೆಗೆ ಮರಾಠಿಯೂ ಇಂಗ್ಲಿಷೂ ನಿಂತುಹೋಗಿದ್ದವು. ಬ್ಯಾಂಕಿನ ಪಾಸ್‌ಬುಕ್ಕು ಯಾವ ಕಪಾಟಿನಲ್ಲಿದೆ ಎಂಬುದೂ ಅವರಿಗೆ ಮಾತ್ರ ಗೊತ್ತು, ಹೇಳಲು ಬಾರದು. ವಾಚಕರಲ್ಲಿ ಗಂಡಸರಾದವರು ಇದನ್ನು ಓದಿ ಮುಗಿಸುವ ಮೊದಲೇ ಎದ್ದು ಮನೆಯಾಕೆಗೆ ಪಾಸ್‌ಬುಕ್ಕು ತೋರಿಸಿ ಬಂದರೆ ನಮ್ಮ ಅಭ್ಯಂತರವಿಲ್ಲ.

ಆಪತ್ತಿನ ಪ್ರಶ್ನೆಗೂ ಸೊನ್ನೆ. ಒಮ್ಮೆ ಲಕ್ವವಾದವರಿಗೆ ಮತ್ತೊಮ್ಮೆ ಆಗುವ ಭಯ ಇದ್ದೇ ಇರುತ್ತದೆ. ಮುಖ ಸೊಟ್ಟಗಾದರೆ, ಎತ್ತಿದ ಕೈ ತಾನಾಗಿ ಕೆಳಗಿಳಿದರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು 108ಕ್ಕೆ ಕರೆಯಬೇಕು, ಬಾಯಿಗೆ ಏನೂ ಹಾಕಬಾರದು. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು, ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಯ ಹೆಸರನ್ನೂ ಕೆಳಗೆ ಸೇರಿಸಿ, ಅಕ್ಕನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು. ಲಿಫ್ಟಿನ ಸಮಸ್ಯೆಗೆ ಮಾತ್ರ ಪ್ಲಾಸ್ಟಿಕ್ ಕುರ್ಚಿಯೇ ಗತಿ.

ಮನೆಯವರಿಗೆ ಕಲಿಸಿಬಿಟ್ಟರೆ ಎಲ್ಲ ಸರಿಹೋಯಿತು ಎಂದು ನಾವು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ 300 ರೋಗಿಗಳ ಮನೆಯವರಲ್ಲಿ ಕೆಲವರಿಗೆ ಪಾಠಹೇಳಿ ನೋಡಿದಾಗ ಪ್ರಯೋಜನವಾಯಿತೆಂದು 2004ರಲ್ಲಿ ಪ್ರಕಟವಾಗಿತ್ತು. ಅದನ್ನೇ ಇಂಗ್ಲೆಂಡಿನಲ್ಲಿ 36 ಲಕ್ವದ ವಾರ್ಡುಗಳಲ್ಲಿ ಮಾಡಿ ನೋಡಿದಾಗ, 2013ರಲ್ಲಿ, ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನಮ್ಮ ದೇಶದಲ್ಲೇ ಲುಧಿಯಾನದ ವೈದ್ಯ ಜಯರಾಜ್ ಪಾಂಡಿಯನ್ ಮೊದಲಾದವರು 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿ, ಅರ್ಧದಷ್ಟು ಮನೆಗಳಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿದರು. ಆರು ತಿಂಗಳ ಮೇಲೆ ಲೆಕ್ಕಹಾಕಿದರೆ, ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿಯೇ ಉಳಿದವರು ಎರಡೂ ಗುಂಪಿನಲ್ಲಿ ನೂರಕ್ಕೆ 47. ಇದು 2017ರಲ್ಲಿ ಪ್ರಕಟವಾಯಿತು. ಮನೆಯವರ ಪ್ರೀತಿ ಸಾಲದೆ ಹೋಯಿತೆಂದು ಇದರ ಅರ್ಥವಲ್ಲ; ನುರಿತ ಫಿಜಿಯೋಥೆರಪಿಯವರು ಮಾಡಬೇಕಾದ ಕೆಲಸವನ್ನು ಮನೆಯವರ ಹೆಗಲಿಗೆ ಹಾಕಿ ಸರಕಾರವೂ ಆಸ್ಪತ್ರೆಗಳೂ ಕೈತೊಳೆದುಕೊಳ್ಳಲಾಗದು ಎಂದೇ ನಾವು ಓದಿಕೊಳ್ಳುತ್ತೇವೆ. ಇಂಗ್ಲೆಂಡಿನವರು ಇನ್ನೊಂದು ಅನುಮಾನ ಪಟ್ಟರು: ಆಸ್ಪತ್ರೆಯಲ್ಲಿರುವಾಗ ಕಲಿಸಿದ್ದು ಗಾಬರಿಯಲ್ಲಿ ತಲೆಗೆ ಹತ್ತಿರಲಾರದು. ಕೆನಡಾದ ಜಿಲ್ ಕ್ಯಾಮರಾನ್ ಎಂಬವರು 2008ರಲ್ಲೇ ಹೇಳಿದ್ದರು, ಮನೆಯವರಿಗೆ ಬೇಕಾಗುವುದು ಹಂತಹಂತಕ್ಕೂ ಬೇರೆಯಾಗುತ್ತದೆಂದು. ಆಸ್ಪತ್ರೆಯಲ್ಲಿ ‘ಬದುಕುತ್ತಾರೆಯೆ?’ ಎಂಬುದೊಂದೇ ಪ್ರಶ್ನೆ. ಶೌಚಕ್ಕೆ ಹೇಗೆ ಕೂರಿಸಲಿ ಎಂಬುದು ಮನೆಗೆ ಬಂದ ಮೊದಲ ರಾತ್ರಿಯ ಪ್ರಶ್ನೆ. ಆದ್ದರಿಂದ ಆ ಹಾಳೆಯನ್ನು ಒಂದೇ ಸಲ ಕೇಳಿ ಕಡತಕ್ಕೆ ಸೇರಿಸುವುದು ಜ್ವರವನ್ನು ಒಂದೇ ಸಲ ನೋಡಿದಂತೆ.

ಇನ್ನು ಹಿತದ ಪ್ರಶ್ನೆ. ಆರೈಕೆ ಇಬ್ಬರಿಗೂ ಹಿತವಾಗಿರಬೇಕಂತೆ! ಇದನ್ನು ಕೇಳಿದಾಗ ಅಕ್ಕ ನಕ್ಕಿದ್ದಳು, ಆದರೂ ಎರಡು ಕೊಟ್ಟಿದ್ದಳು. ಅದಕ್ಕೆ ಕಾರಣ ಚೌಕಾಬಾರ. ಭಾವನವರಿಗೆ ಮಾತು ಹೊರಡದಿದ್ದರೂ, ಕವಡೆ ಎಸೆದಾಗ ಒಂದು, ಎರಡು, ಮೂರು ಎಂಬ ಎಣಿಕೆ ತಾನಾಗಿ ಬರುತ್ತಿತ್ತು. ಎಣಿಕೆ, ವಾರಗಳ ಹೆಸರು, ಬಾಲ್ಯದಲ್ಲಿ ಕಲಿತ ಹಾಡು, ಇವು ಎಷ್ಟೋ ಸಲ ಹಾಗೆ ಉಳಿದುಕೊಳ್ಳುತ್ತವೆ. ಆಸ್ಪತ್ರೆಯಲ್ಲಿ ಅವರ ಮಾತನ್ನು ಪರೀಕ್ಷಿಸಿದ್ದು ಹಿಂದಿಯಲ್ಲಿ, ಮರಾಠಿಯಲ್ಲಿ. ಕನ್ನಡದಲ್ಲಿ ಯಾರೂ ಕೇಳಿರಲಿಲ್ಲ. ನಮ್ಮ ಸಂಘದ ಒಬ್ಬರ ಮೂಲಕ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತ ಒಬ್ಬ ಹುಡುಗಿ ಸಿಕ್ಕಳು. ವಾರಕ್ಕೆರಡು ಸಲ ಫೋನಿನ ಪರದೆಯ ಮೇಲೆ ಬಂದು ಕನ್ನಡದಲ್ಲೇ ಪಾಠ ಮಾಡಿದಳು. ಎರಡನೆಯ ತಿಂಗಳಲ್ಲಿ ಭಾವನವರು ‘ಸಾಕು’ ಎಂದರು. ಉಪ್ಪಿಟ್ಟು ಬಡಿಸುತ್ತಿದ್ದ ಅಕ್ಕ ಅತ್ತುಬಿಟ್ಟಳು. ಅದನ್ನು ನೋಡಿ ಅವರೂ ಅತ್ತರು. ಈ ರೋಗದಲ್ಲಿ ಅಳು ಬೇಗ ಬರುತ್ತದೆ, ಹೆದರಬೇಡಿರೆಂದು ಹುಡುಗಿ ಸಮಾಧಾನ ಹೇಳಿದಳು. ಆದರೆ ಅಳು, ಮೌನ, ಊಟ ಬೇಡವೆನ್ನುವುದು ವಾರಗಟ್ಟಲೆ ನಡೆದರೆ ಅದು ಬೇರೆ. ಲಕ್ವವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಆವರಿಸುತ್ತದೆ, ಅದಕ್ಕೆ ಔಷಧವುಂಟು.

ಪ್ರಾಸಂಗಿಕವಾಗಿ ಒಂದು ಮಾತು. ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿ 608 ಲಕ್ವದ ರೋಗಿಗಳನ್ನು ಅಭ್ಯಸಿಸಿ ಸುವರ್ಣ ಅಲ್ಲಾಡಿಯವರು 2016ರಲ್ಲಿ ಪ್ರಕಟಿಸಿದ ಪ್ರಕಾರ, ಬುದ್ಧಿಶಕ್ತಿ ಸಹಜವಾಗಿ ಉಳಿದವರು ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ನೂರಕ್ಕೆ 40.5, ಒಂದೇ ಭಾಷೆಯವರಲ್ಲಿ 19.6. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಕಚೇರಿಯಲ್ಲಿ ಮತ್ತೊಂದು ಆಡುವ ನಮ್ಮಂಥವರಿಗೆ ಇದು ಸಿಹಿಸುದ್ದಿ. ಆದರೆ ಮಾತು ಕಳೆದುಕೊಳ್ಳುವುದರಲ್ಲಿ ಎರಡು ಗುಂಪಿಗೂ ಭೇದವಿರಲಿಲ್ಲವಂತೆ.

ಆರು ತಿಂಗಳಿಗೆ ಮತ್ತೆ ಎಂಟು ಪ್ರಶ್ನೆ ಕೇಳಿದೆವು. ಮೂರು, ಎರಡು, ಎರಡು, ಒಂದು, ಮೂರು, ಮೂರು, ಎರಡು, ಎರಡು. ಸರಾಸರಿ ಎರಡೂಕಾಲು. ನಾವು ಭೇಷ್ ಎಂದೆವು. ಅಕ್ಕ ಏನೂ ಅನ್ನಲಿಲ್ಲ. ಆಗ ನಾಲ್ಕನೆಯ ಅಂಕದ ಮೇಲೆ ಕಣ್ಣು ಬಿತ್ತು. ಉಳಿದುವೆಲ್ಲ ಏರಿದ್ದರೂ ಅವಳ ಸ್ವಂತ ದಣಿವಿನ ಅಂಕ ಇದ್ದಲ್ಲೇ ಇತ್ತು. ಕೊನೆಯ ಪ್ರಶ್ನೆಯನ್ನು, ಆ ಒಂಬತ್ತನೆಯದನ್ನು, ಅಂದು ಮೊದಲ ಸಲ ಕೇಳಿದೆವು.

“ಏನಿಲ್ಲ ತಮ್ಮಾ. ಒಂದು ರಾತ್ರಿ ಪೂರಾ ನಿದ್ದಿ ಮಾಡಬೇಕು. ಎಲ್ಲಾರೂ ಬರ್ತೀರಿ, ಸಾವಿತ್ರಿ ಅಂತೀರಿ, ಚಹಾ ಕುಡದು ಹೋಗ್ತೀರಿ.”

ಸಾವಿತ್ರಿ ಎಂದವರಲ್ಲಿ ನಾವೇ ಮೊದಲಿಗರು. ಅದಕ್ಕೆ ಉತ್ತರವೇನಿದ್ದೀತು? ಮುಂದಿನ ತಿಂಗಳು ರಜೆ ಹಾಕಿ, ಅಕ್ಕನನ್ನು ನಾಲ್ಕು ದಿನ ಧಾರವಾಡದ ತಂಗಿಯ ಮನೆಗೆ ಕಳಿಸಿ, ನಾವು ಡೊಂಬಿವಲಿಯಲ್ಲಿ ಉಳಿದೆವು. ಮಗ ಎರಡು ದಿನ ಬಂದುಹೋದ. ಮೊದಲ ರಾತ್ರಿ ಗಡಿಯಾರಕ್ಕೆ ಎರಡು ತಾಸಿಗೊಮ್ಮೆ ಗಂಟೆಯಿಟ್ಟುಕೊಂಡು ಎದ್ದು ಮಗ್ಗುಲು ಬದಲಿಸಿದೆವು. ಮೂರನೆಯ ಗಂಟೆಯ ಹೊತ್ತಿಗೆ ಕಾಲು ಯಾವುದು, ಲೋಡು ಯಾವುದು ತಿಳಿಯದಾಯಿತು. ಬೆಳಿಗ್ಗೆ ಅಂಗಿಯನ್ನು ಗಟ್ಟಿ ಕೈಗೇ ಮೊದಲು ತೊಡಿಸಿ, ಮತ್ತೆ ಕಳಚಬೇಕಾಯಿತು. ಔಷಧದ ಡಬ್ಬಿಯಲ್ಲಿ ಬುಧವಾರದ ಗುಳಿಗೆಯನ್ನು ಮಂಗಳವಾರವೇ ಕೊಡಲಿದ್ದೆವು. ಭಾವನವರು ಕೈ ಅಡ್ಡ ಹಿಡಿದು ತಡೆದರು.

ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕ ಬರುವ ಗಾಡಿಯ ಹೊತ್ತನ್ನು ಕಾಯುತ್ತ, ನಾವೇ ಒಂದು ಹಾಳೆಯ ಮೇಲೆ ಆ ಎಂಟು ಪ್ರಶ್ನೆಗಳನ್ನು ಬರೆದುಕೊಂಡು ನಮಗೆ ನಾವೇ ಅಂಕ ಹಾಕಿಕೊಂಡೆವು. ಮೈಕೆಲಸಕ್ಕೆ ಎರಡು ಎಂದು ಬರೆದೆವು. ಭಾವನವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈಯಿಂದ ಪೆನ್ನು ತೆಗೆದುಕೊಂಡು, ಎರಡನ್ನು ಹೊಡೆದುಹಾಕಿ, ಪಕ್ಕದಲ್ಲಿ ಸೊಟ್ಟಗೆ ಒಂದು ಬರೆದರು.